ಮಗ್ಗದಿಂದ ಮನೆಮೂಲೆಗೆ ಬಂದ ಹೆಸರು

ರೇಷ್ಮೆಹುಳು, ಕಂಬಳಿಹುಳು, ಎರೆಹುಳು, ಮಿಂಚುಹುಳು. ಹುಳುಗಳಿಗೆ ಹೆಸರಿಡುವಾಗ ನಾವು ಅದು ಕೊಡುವ ವಸ್ತುವನ್ನೋ ಅದರ ರೂಪವನ್ನೋ ಗುಣವನ್ನೋ ಮೊದಲು ಹೇಳಿ, ಆಮೇಲೆ ಹುಳು ಎಂದು ಸೇರಿಸುತ್ತೇವೆ. ಈ ಸಾಲಿನಲ್ಲಿ ಜೇಡರ ಹುಳು ಬೇರೆಯಾಗಿ ನಿಲ್ಲುತ್ತದೆ. ಅದರ ನಡುವೆ ಒಂದು ‘ರ’ ಇದೆ. ಗೌಡರ ಮನೆ, ಅಗಸರ ಕಟ್ಟೆ, ಕುಂಬಾರರ ಓಣಿ ಎನ್ನುವಾಗ ಬರುವ ‘ರ’ ಅದು. ಜನರನ್ನು ಕುರಿತು ಹೇಳುವ ಬಹುವಚನ, ಅದರ ಮೇಲೆ ಷಷ್ಠಿ. ಅಂದರೆ ಜೇಡರೆಂಬ ಜನ ಮೊದಲು ಇದ್ದರು, ಅವರ ಹೆಸರಿನ ಹುಳು ಆಮೇಲೆ ಬಂತು.

ಆ ಜೇಡರು ಬಟ್ಟೆ ನೇಯುವವರು. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲ್ಲರ ನಿಘಂಟನ್ನು ತೆರೆದರೆ ಜೇಡ ಎಂಬ ಮಾತಿಗೆ ನೇಕಾರ, ಜೇಡರ ಹುಳು ಎಂಬ ಎರಡು ಅರ್ಥಗಳೂ ಸಿಗುತ್ತವೆ. ಇದರ ಒಡಹುಟ್ಟು ಜಾಡ. ಉತ್ತರ ಕರ್ನಾಟಕದ ನೇಕಾರರ ಊರುಗಳಲ್ಲಿ ಹಳಬರ ಬಾಯಲ್ಲಿ ಈ ರೂಪ ಇನ್ನೂ ಉಳಿದಿದೆ. ಗುಳೇದಗುಡ್ಡದ ಓಣಿಯೊಂದರಲ್ಲಿ, ನೆಲದ ಕುಣಿಯಲ್ಲಿ ಕಾಲಿಟ್ಟು ಖಣ ನೇಯುತ್ತಿದ್ದ ಹಿರಿಯರೊಬ್ಬರನ್ನು ಈ ಬಗ್ಗೆ ಕೇಳಿದ್ದೆ. ಲಾಳಿ ನಿಲ್ಲಿಸಿ ಹೇಳಿದರು: “ನಮ್ಮ ಮುತ್ತ್ಯಾನ ಕಾಲಕ್ಕ ನಮಗ ಜಾಡ್ರು ಅಂತಿದ್ರು ನೋಡ್ರಿ. ಈಗ ಯಾರ ಅಂತಾರ? ನೇಕಾರ್ರು ಅಂತಾರ.” “ಮತ್ತ ಹುಳಕ್ಕ ಏನಂತೀರಿ, ಅಜ್ಜಾರ?” ಎಂದೆ. “ಜಾಡರ ಹುಳಾ ಅಂತೀವ್ರಿ. ಅದೂ ನಮ್ಮ ಮಂದೀನ.” ಹೀಗೆಂದು ಮತ್ತೆ ಲಾಳಿ ಎಸೆದರು.

ಈ ಮಾತಿನ ಹಳೆಯ ಬಾಳನ್ನು ಹುಡುಕಿ ಹೊರಟರೆ ನೇರವಾಗಿ ಕನ್ನಡ ವಚನದ ಹೊಸ್ತಿಲಿಗೇ ಹೋಗಿ ನಿಲ್ಲುತ್ತೇವೆ. ವಚನಕಾರರಲ್ಲಿ ಮೊದಲಿಗನೆಂದು ಎಣಿಸಲಾಗುವವನು ಜೇಡರ ದಾಸಿಮಯ್ಯ. ಈಗಿನ ಯಾದಗಿರಿ ಜಿಲ್ಲೆಯ ಮುದನೂರಿನವನು, ಅಂಕಿತ ರಾಮನಾಥ, ಹೆಂಡತಿ ದುಗ್ಗಳೆ, ಕಸುಬು ನೆಯ್ಗೆ. ಕಲ್ಯಾಣದ ಚಾಳುಕ್ಯ ಅರಸ ಜಯಸಿಂಹನ ರಾಣಿ ಸುಗ್ಗಲೆಗೆ ಇವನು ದೀಕ್ಷೆ ಕೊಟ್ಟನೆಂಬ ಪರಂಪರೆಯ ಮಾತನ್ನು ಹಿಡಿದು ಇವನ ಕಾಲ 11ನೆಯ ಶತಮಾನ ಎನ್ನುತ್ತಾರೆ. ಇವನ ಬದುಕಿನ ಅತಿ ಪ್ರಸಿದ್ಧ ಕಥೆಯೂ ಬಟ್ಟೆಯದೇ. ದುಡಿದು ನೇಯ್ದ ಬಟ್ಟೆಯನ್ನು ಜಂಗಮನೊಬ್ಬನಿಗೆ ಕೊಟ್ಟುಬಿಟ್ಟು, ಅದಕ್ಕೆ ಪ್ರತಿಯಾಗಿ ಎಂದೂ ಬರಿದಾಗದ ತವನಿಧಿಯನ್ನು ಪಡೆದ. ನೂರು ವರ್ಷದ ಮೇಲೆ ಬಂದ ಬಸವಣ್ಣನವರ ವಚನಗಳಲ್ಲಿಯೂ ಈ ದಾಸಯ್ಯನ ನೆನಪು ಬರುತ್ತದೆ. ಜೇಡರ ದಾಸಿಮಯ್ಯ ಎಂಬ ಹೆಸರಿನಲ್ಲಿರುವ ‘ಜೇಡರ’ ಮತ್ತು ಜೇಡರ ಹುಳುವಿನಲ್ಲಿರುವ ‘ಜೇಡರ’ ಎರಡೂ ಒಂದೇ. ಹೆಸರಿನ ಮಟ್ಟಿಗೆ ಆ ಶರಣನೂ ನಮ್ಮ ಮನೆಯ ಮೂಲೆಯ ಹುಳುವೂ ಒಂದೇ ಓಣಿಯವರು.

ಇಲ್ಲಿ ಒಂದು ಸಂಶಯವನ್ನು ಬಗೆಹರಿಸಿಬಿಡುತ್ತೇನೆ. ಜೇಡಿಮಣ್ಣಿಗೂ ಜೇಡನಿಗೂ ಸಂಬಂಧವಿದೆಯೇ ಎಂದು ಕೇಳುವವರುಂಟು. ಇಲ್ಲ. ಅದು ಸೇಡಿ, ಗೋಡೆಗೂ ಹೊಸ್ತಿಲಿಗೂ ಬಳಿಯುವ ಬಿಳಿಮಣ್ಣು. ಅದರ ಸಕಾರ ಜಕಾರವಾಗಿ ಜೇಡಿಯಾಯಿತು. ಶಬ್ದ ಹತ್ತಿರ, ಕುಲ ಬೇರೆ. ಆದರೆ ಈ ಸ-ಜ ಅದಲುಬದಲು ನಮಗೆ ಒಂದು ಸುಳಿವನ್ನಂತೂ ಕೊಡುತ್ತದೆ. ತಮಿಳಿನಲ್ಲಿ ನೇಕಾರರಿಗೆ ಸೇಡರ್ ಎಂಬ ಹೆಸರಿದೆ. ತಮಿಳುನಾಡಿನಲ್ಲಿ ದೇವಾಂಗರನ್ನು ಹೀಗೆ ಕರೆಯುವ ರೂಢಿ ಇತ್ತು. ಅಲ್ಲಿನ ದೇವಾಂಗರಲ್ಲಿ ಬಹಳ ಮಂದಿ ತಲೆಮಾರುಗಳಿಂದ ಮನೆಯೊಳಗೆ ಕನ್ನಡವನ್ನೇ ಆಡಿಕೊಂಡು ಬಂದವರು. ಕನ್ನಡದ ಜೇಡರು, ಜಾಡರು, ತಮಿಳಿನ ಸೇಡರ್ ಎಲ್ಲವೂ ಒಂದೇ ಕಸುಬಿನ ಸುತ್ತ ಹುಟ್ಟಿಕೊಂಡ ಹೆಸರುಗಳು.

ನೆರೆಯ ತೆಲುಗು ನನಗೆ ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಡುವ ಸಾಕ್ಷಿ. ತೆಲುಗಿನಲ್ಲಿ ಜೇಡಕ್ಕೆ ಸಾಲೆಪುರುಗು ಎನ್ನುತ್ತಾರೆ, ಬಲೆಗೆ ಸಾಲೆಗೂಡು. ಸಾಲೆ ಎಂದರೆ ನೇಕಾರ. ಪದ್ಮಸಾಲಿ, ಪಟ್ಟಸಾಲಿ ಎಂಬ ಸಮುದಾಯದ ಹೆಸರುಗಳಲ್ಲಿ ನಾವೂ ಆ ಮಾತನ್ನು ಕೇಳಿದ್ದೇವೆ. ಪುರುಗು ಎಂದರೆ ಹುಳು. ನಮ್ಮ ಹುಳು ಹಳಗನ್ನಡದಲ್ಲಿ ಪುೞು. ತಮಿಳಿನಲ್ಲಿ ಇಂದಿಗೂ ಅದು ಪುೞುವೇ. ಆ ೞಕಾರ ಕನ್ನಡದಲ್ಲಿ ಳಕಾರವಾಯಿತು, ಪಕಾರ ಹಕಾರವಾಯಿತು. ತೆಲುಗಿನಲ್ಲಿ ಅದೇ ೞ ರಕಾರದ ದಾರಿ ಹಿಡಿದು ಪುರುಗು ಆಯಿತು. ಹಾಗಾಗಿ ಜೇಡರ ಹುಳು, ಸಾಲೆಪುರುಗು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಎರಡು ಭಾಷೆಯ ಜನ ಒಂದೇ ಹುಳುವನ್ನು ನೋಡಿ ಒಂದೇ ರೀತಿಯಲ್ಲಿ ಯೋಚಿಸಿದ್ದು ಕಾಣುತ್ತದೆ. ಸಂಸ್ಕೃತದವರಿಗೂ ಇದು ಹೊಳೆದಿತ್ತು. ಅಮರಕೋಶ ಜೇಡಕ್ಕೆ ಕೊಡುವ ನಾಲ್ಕು ಹೆಸರುಗಳಲ್ಲಿ ಒಂದು ತಂತುವಾಯ, ಎಳೆ ನೇಯುವವನು, ಅಂದರೆ ನೇಕಾರ. ದೂರದ ಇಂಗ್ಲಿಷಿನ ಸ್ಪೈಡರ್ ಕೂಡ ಸ್ಪಿನ್ ಎಂಬ ಧಾತುವಿನಿಂದ ಬಂದದ್ದು, ನೂಲುವವನು ಎಂದು ಅರ್ಥ. ಮಲಯಾಳಿಗಳು ಮಾತ್ರ ಕಾಲು ಎಣಿಸಿ ಎಟ್ಟುಕಾಲಿ ಎಂದೂ ಕರೆದರು. ಮರಾಠಿಯಲ್ಲಿ ಜೇಡಕ್ಕೆ ಕೋಳೀ ಎನ್ನುತ್ತಾರೆ. ಕಡಲಿಗೆ ಬಲೆ ಬೀಸುವ ಬೆಸ್ತರ ಹೆಸರೂ ಅದೇ.

ಹೋಲಿಕೆ ಎಷ್ಟು ಸರಿಯಾದದ್ದೆಂದು ತಿಳಿಯಬೇಕಾದರೆ ಹಿತ್ತಿಲಿಗೆ ಹೋಗಬೇಕು. ದಾಸವಾಳದ ಗಿಡದ ನಡುವೆ ಚಕ್ರದ ಬಲೆ ಕಟ್ಟುವ ಜೇಡವನ್ನು ಒಂದು ಸಂಜೆ ಕೂತು ನೋಡಿ. ಮೊದಲು ಒಂದು ಎಳೆಯನ್ನು ಗಾಳಿಗೆ ಬಿಡುತ್ತದೆ. ಅದು ಆಚೆ ಕೊಂಬೆಗೆ ತಗುಲಿದ ಮೇಲೆ ಅದರ ಮೇಲೆಯೇ ನಡೆದು ಇನ್ನೊಂದು ಎಳೆ ಸೇರಿಸಿ ಗಟ್ಟಿ ಮಾಡುತ್ತದೆ. ಆಮೇಲೆ ನಡುವಿನಿಂದ ಅಂಚಿನವರೆಗೆ ಒಂದೊಂದಾಗಿ ನೇರ ಎಳೆಗಳನ್ನು ಬಿಗಿಯುತ್ತದೆ. ಇವುಗಳಿಗೆ ಅಂಟಿಲ್ಲ. ಅವೆಲ್ಲ ಮುಗಿದ ಮೇಲೆ ನಡುವಿನಿಂದ ಹೊರಕ್ಕೆ ವಿರಳವಾಗಿ ಒಂದು ಸುತ್ತು ಹಾಕುತ್ತದೆ. ಅದಕ್ಕೂ ಅಂಟಿಲ್ಲ, ಕೆಲಸ ನಡೆಯುವವರೆಗೆ ಕಾಲೂರುವುದಕ್ಕೆ ಮಾತ್ರ. ಕೊನೆಗೆ ಹೊರ ಅಂಚಿನಿಂದ ಒಳಕ್ಕೆ ತಿರುಗುತ್ತಾ ಅಂಟಿನ ಎಳೆಯನ್ನು ಒತ್ತೊತ್ತಾಗಿ ಕೂರಿಸುತ್ತಾ ಬರುತ್ತದೆ. ಪ್ರತಿ ಸಲವೂ ಕಾಲು ಚಾಚಿ ಹಿಂದಿನ ಎಳೆಯನ್ನು ಮುಟ್ಟಿ, ಅಂತರ ನೋಡಿ, ಹೊಸ ಎಳೆಯನ್ನು ಅಂಟಿಸುತ್ತದೆ. ಬರುತ್ತಾ ಬರುತ್ತಾ ಮೊದಲು ಹಾಕಿದ ವಿರಳ ಸುತ್ತನ್ನು ಬಿಚ್ಚಿಕೊಳ್ಳುತ್ತದೆ. ಬಿಗಿದ ಎಳೆ ಮೊದಲು, ಅದರ ಮೇಲೆ ಅಡ್ಡ ಎಳೆ ಆಮೇಲೆ. ಮೊದಲು ಹಾಸು, ಆಮೇಲೆ ಹೊಕ್ಕು. ಮಗ್ಗದ ಮುಂದೆ ಕೂತು ಬೆಳೆದ ಜನ ಇದನ್ನು ಕಂಡು ತಮ್ಮದೇ ಹೆಸರನ್ನು ಇಟ್ಟರೆಂದರೆ ಅದು ಬಹಳ ದಿನ ನೋಡಿ ಇಟ್ಟ ಹೆಸರು.

ಆದರೆ ಆ ಹುಳು ನೇಯ್ದದ್ದನ್ನು ಕನ್ನಡ ಬಟ್ಟೆ ಎನ್ನಲಿಲ್ಲ, ಬಲೆ ಎಂದಿತು. ಬಲೆ ಬೆಸ್ತರ, ಬೇಡರ ಮನೆಯ ಮಾತು. ತಮಿಳಿನಲ್ಲಿ ವಲೈ, ತೆಲುಗಿನಲ್ಲಿ ವಲ. ಮಾಡುವವನ ಹೆಸರನ್ನು ಮಗ್ಗದ ಮನೆಯಿಂದ ತಂದು, ಮಾಡಿದ ವಸ್ತುವಿನ ಹೆಸರನ್ನು ಹೊಳೆಯ ದಡದಿಂದ ತಂದು ಜೇಡರ ಬಲೆ ಎಂದು ಕೂಡಿಸಿದ್ದಾರೆ. ಎರಡು ಕಸುಬುಗಳು ಒಂದು ನುಡಿಗಟ್ಟಿನಲ್ಲಿ ಕೂತಿವೆ. ಆ ಹುಳುವಿನ ಬಾಳೂ ಹಾಗೆಯೇ, ಕೆಲಸ ನೆಯ್ಗೆ, ಉದ್ದೇಶ ಬೇಟೆ. ಬಲೆ ಎಂಬ ಮಾತು ಇವತ್ತಿಗೂ ಚುರುಕಾಗಿದೆ. ಲಂಚ ತೆಗೆದುಕೊಳ್ಳುವಾಗ ಸಿಕ್ಕಿಬಿದ್ದ ಅಧಿಕಾರಿ ‘ಲೋಕಾಯುಕ್ತ ಬಲೆಗೆ’ ಎಂದು ಪತ್ರಿಕೆಗಳು ತಲೆಬರಹ ಕೊಡುತ್ತವೆ. ಪೊಲೀಸರು ಆರೋಪಿಗಾಗಿ ‘ಬಲೆ ಬೀಸುತ್ತಾರೆ’. ಸಂಸ್ಕೃತದ ಜಾಲವಂತೂ ಕಂಪ್ಯೂಟರಿನೊಳಗೆ ಹೋಗಿ ಅಂತರಜಾಲ, ಜಾಲತಾಣ ಎಂದು ಹೊಸ ಸಂಸಾರವನ್ನೇ ಹೂಡಿದೆ.

ಬಲೆಯ ಜೊತೆಗೆ ಬಂದ ಒಂದು ಆಡುಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ತಾನೇ ನೇಯ್ದ ಬಲೆಯಲ್ಲಿ ತಾನೇ ಸಿಕ್ಕಿಬಿದ್ದ ಜೇಡನ ಹಾಗೆ ಎನ್ನುತ್ತಾರೆ. ಜೇಡ ಹಾಗೆ ಸಿಕ್ಕಿಬೀಳುವುದಿಲ್ಲ. ಅಂಟಿಲ್ಲದ ಎಳೆ ಯಾವುದು, ಅಂಟಿನ ಎಳೆ ಯಾವುದು ಎಂದು ಅದಕ್ಕೆ ಗೊತ್ತು. ಕಾಲ ತುದಿಯ ಸಣ್ಣ ಉಗುರುಗಳಿಂದ ಎಳೆಯನ್ನು ಹಗುರಾಗಿ ಹಿಡಿದು ಓಡಾಡುತ್ತದೆ. ತನ್ನ ನೂಲಿನೊಳಗೆ ತಾನೇ ಸೆರೆಯಾಗಿ ಸಾಯುವ ಚಿತ್ರ ರೇಷ್ಮೆಹುಳುವಿನದು. ಅಕ್ಕಮಹಾದೇವಿಯ ವಚನವೊಂದರಲ್ಲಿ ಬರುವ ತೆರಣಿಯ ಹುಳುವೂ ಅದೇ. ಅಕ್ಕ ಸರಿಯಾದ ಹುಳುವನ್ನೇ ಆರಿಸಿಕೊಂಡಿದ್ದಳು. ಆಮೇಲಿನ ನಾವು ಆ ದುಃಖವನ್ನು ತಂದು ಜೇಡನ ತಲೆಗೆ ಕಟ್ಟಿದೆವು.

ಸಂಸ್ಕೃತದ ಉಳಿದ ಹೆಸರುಗಳು ಬೇರೆ ಬೇರೆ ಕಡೆಗೆ ಕೊಂಡೊಯ್ಯುತ್ತವೆ. ಮರ್ಕಟಕ ಹಿಂದಿಗೆ ಹೋಗಿ ಮಕ್ಡೀ ಆಯಿತು, ಅಷ್ಟೇ. ಊರ್ಣನಾಭ ಎಂದರೆ ಹೊಕ್ಕುಳಲ್ಲಿ ಉಣ್ಣೆ ಉಳ್ಳದ್ದು. ನೂಲು ಬರುವುದು ಹೊಕ್ಕುಳಿನಿಂದಲ್ಲ, ಹೊಟ್ಟೆಯ ತುದಿಯಲ್ಲಿರುವ ಸಣ್ಣ ಮೊನೆಗಳಿಂದ. ಒಳಗೆ ದ್ರವವಾಗಿದ್ದದ್ದು ಎಳೆಯುತ್ತಿದ್ದಂತೆ ಗಟ್ಟಿಯಾಗಿ ಎಳೆಯಾಗುತ್ತದೆ. ಹೆಸರು ಜಾಗವನ್ನು ತುಸು ತಪ್ಪಿ ಹೇಳಿದರೂ, ಆ ಹೆಸರನ್ನು ಹಿಡಿದು ಮುಂಡಕ ಉಪನಿಷತ್ತು ಕಟ್ಟಿದ ಉಪಮೆ ಬಹಳ ಸೂಕ್ಷ್ಮವಾದದ್ದು. ಜೇಡ ತನ್ನಿಂದಲೇ ಎಳೆಯನ್ನು ಹೊರಬಿಟ್ಟು ತನ್ನೊಳಗೇ ತೆಗೆದುಕೊಳ್ಳುವಂತೆ ಅಕ್ಷರದಿಂದ, ಅಂದರೆ ಅಳಿವಿಲ್ಲದ ತತ್ತ್ವದಿಂದ, ವಿಶ್ವ ಹುಟ್ಟುತ್ತದೆ ಎಂಬುದು ಅಲ್ಲಿನ ಮಾತಿನ ತಾತ್ಪರ್ಯ. ಹೊರಬಿಡುವುದು ಎಲ್ಲರೂ ಕಂಡದ್ದು. ಒಳಗೆ ತೆಗೆದುಕೊಳ್ಳುವುದನ್ನು ನೋಡಲು ನಸುಕಿನವರೆಗೆ ಕಾಯಬೇಕು. ಚಕ್ರದ ಬಲೆ ಕಟ್ಟುವ ಹಲವು ಜೇಡಗಳು ಹಳತಾದ ಬಲೆಯನ್ನು ತಾವೇ ತಿಂದು, ಆ ಸತ್ತ್ವದಿಂದಲೇ ಹೊಸ ನೂಲು ಮಾಡಿಕೊಳ್ಳುತ್ತವೆ. ಕಾಡಿನಲ್ಲಿ ಕೂತು ನೋಡಿದ ಯಾರೋ ಇದನ್ನು ಗಮನಿಸಿದ್ದರು.

ನಾಲ್ಕನೆಯ ಹೆಸರು ಲೂತಾ. ಇದು ಹೆದರಿಕೆಯ ಮಾತು. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಇದರ ಹುಟ್ಟಿಗೆ ಒಂದು ಕಥೆಯಿದೆ. ವಿಶ್ವಾಮಿತ್ರ ಕಾಮಧೇನುವನ್ನು ಕಿತ್ತುಕೊಳ್ಳಲು ಬಂದಾಗ ಕೋಪಗೊಂಡ ವಸಿಷ್ಠನ ಹಣೆಯ ಬೆವರು, ಹಸುವಿಗೆಂದು ಕೊಯ್ದಿಟ್ಟ ಹುಲ್ಲಿನ ಮೇಲೆ ಬಿತ್ತು. ಕೊಯ್ದದ್ದು ಎಂದರೆ ಲೂನ. ಅದರ ಮೇಲೆ ಹುಟ್ಟಿದವು ಲೂತಾ. ಅಲ್ಲಿ 16 ಬಗೆಯ ಲೂತಾಗಳ ವಿಷವನ್ನು ವಿವರಿಸಿ, ಎಂಟನ್ನು ಕಷ್ಟದಿಂದ ವಾಸಿ ಮಾಡಬಹುದು, ಎಂಟನ್ನು ವಾಸಿ ಮಾಡಲಾಗದು ಎಂದಿದ್ದಾರೆ. ಮುಂದೆ ಲೂತಾ ಎಂಬುದು ಚರ್ಮದ ಒಂದು ಬಗೆಯ ರೋಗದ ಹೆಸರೂ ಆಯಿತು. ಈ ಹೆದರಿಕೆ ನಮ್ಮ ಮನೆಗಳಿಂದ ಇನ್ನೂ ಹೋಗಿಲ್ಲ. ಬೆಳಿಗ್ಗೆ ಎದ್ದಾಗ ಕುತ್ತಿಗೆಯ ಮೇಲೆ ಬರೆಯಂತೆ ಕೆಂಪಗೆ ಗುಳ್ಳೆ ಎದ್ದಿದ್ದರೆ ‘ಜೇಡ ಉಚ್ಚೆ ಹೊಯ್ದಿದೆ’ ಎನ್ನುತ್ತಾರೆ. ಜೇಡ ಹಾಗೆ ಮಾಡುವುದಿಲ್ಲ. ಮಳೆಗಾಲದಲ್ಲಿ ದೀಪಕ್ಕೆ ಬರುವ, ಕಿತ್ತಳೆ ಕಪ್ಪು ಬಣ್ಣದ ಪೆಡೆರಸ್ ಎಂಬ ಪುಟ್ಟ ಕೀಟ ಮೈಮೇಲೆ ಕೂತಾಗ ನಾವು ನಿದ್ದೆಗಣ್ಣಿನಲ್ಲಿ ಉಜ್ಜಿಬಿಡುತ್ತೇವೆ. ಅದರ ಮೈಯೊಳಗಿನ ರಸ ತಾಗಿ ಚರ್ಮ ಸುಡುತ್ತದೆ. ಇನ್ನು ಕೆಲವು ಸಲ ಅದು ಹರ್ಪಿಸ್ ಜೋಸ್ಟರ್, ಅಂದರೆ ಸರ್ಪಸುತ್ತು. ಜೇಡನ ಮೇಲೆ ತಪ್ಪು ಹೊರಿಸಿ ಸುಮ್ಮನಿದ್ದರೆ ಚಿಕಿತ್ಸೆ ತಡವಾಗುತ್ತದೆ. ಅದಕ್ಕೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಜೇಡನ ಬಳಗದಲ್ಲಿ ನಾನು ಅತ್ಯಂತ ಪ್ರೀತಿಸುವ ಮಾತು ಇಲ್ಲಣ. ಸೌದೆ ಒಲೆಯ ಅಡುಗೆಮನೆಯಲ್ಲಿ, ಅಟ್ಟದ ಕೆಳಗೆ, ಜಂತಿಗಳ ನಡುವೆ ಜೇಡರ ಬಲೆಗೆ ಹೊಗೆಯ ಮಸಿ ಕೂತು, ಧೂಳು ಸೇರಿ, ಕಪ್ಪಗೆ ಎಳೆ ಎಳೆಯಾಗಿ ಇಳಿಬೀಳುತ್ತಿತ್ತಲ್ಲ, ಅದರ ಹೆಸರು ಇಲ್ಲಣ. ಬರೀ ಮಸಿಯಲ್ಲ, ಬರೀ ಬಲೆಯಲ್ಲ, ಎರಡೂ ಕೂಡಿದ ಮೇಲೆ ಆಗುವ ಮೂರನೆಯ ವಸ್ತು. ಅದಕ್ಕೆಂದೇ ಒಂದು ಮಾತನ್ನು ಕನ್ನಡ ಮಾಡಿಕೊಂಡಿತ್ತು. ಮಲಯಾಳದಲ್ಲಿ ಅಡುಗೆಮನೆಯ ಹೊಗೆಮಸಿಗೆ ಇಲ್ಲನಕ್ಕರಿ ಎನ್ನುತ್ತಾರೆ, ನಮ್ಮ ಇಲ್ಲಣದ ನೆಂಟ. ಗೌರಿ ಹಬ್ಬವೋ ಉಗಾದಿಯೋ ಹತ್ತಿರ ಬಂತೆಂದರೆ ಉದ್ದ ಬಿದಿರಿನ ಕೋಲಿಗೆ ಪೊರಕೆ ಕಟ್ಟಿ, ತಲೆಗೆ ವಸ್ತ್ರ ಸುತ್ತಿಕೊಂಡು ‘ಇಲ್ಲಣ ಹೊಡೆಯುವ’ ಕೆಲಸ ನಡೆಯುತ್ತಿತ್ತು. ಕೈ ಕುಯ್ದುಕೊಂಡ ಮಗುವಿಗೆ ರಕ್ತ ನಿಲ್ಲಲೆಂದು ಬಲೆ ತಂದು ಹಚ್ಚುತ್ತಿದ್ದದ್ದೂ ಅದೇ ಮನೆಗಳಲ್ಲಿ. ಬಲೆಯಲ್ಲಿ ಧೂಳು ಇರುವುದರಿಂದ ಇವತ್ತು ಹಾಗೆ ಮಾಡುವುದು ಬೇಡ. ಗ್ಯಾಸ್ ಒಲೆ ಬಂತು, ಅಟ್ಟ ಹೋಯಿತು, ಹೊಗೆ ಹೋಯಿತು. ಹೆಂಗಸರ ಕಣ್ಣಿಗೂ ಎದೆಗೂ ಇದು ದೊಡ್ಡ ಬಿಡುಗಡೆ, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಹೊಗೆಯ ಜೊತೆಗೆ ಇಲ್ಲಣ ಎಂಬ ಮಾತೂ ಹೊರಟುಹೋಗುತ್ತಿದೆ. ವಸ್ತು ಹೋದ ಮೇಲೆ ಮಾತು ಒಂದೆರಡು ತಲೆಮಾರು ಮಾತ್ರ ಉಳಿಯುತ್ತದೆ.

ಇಲ್ಲಣ ಹೋದರೂ ಜೇಡ ಹೋಗಿಲ್ಲ. ಸಿಮೆಂಟಿನ ಮನೆಗಳಲ್ಲಿ ಇಂದು ನಮ್ಮ ಜೊತೆ ಇರುವವರಲ್ಲಿ ಮೊದಲನೆಯದು ಬಚ್ಚಲಿನ ಮೂಲೆಯಲ್ಲಿ, ಮಂಚದ ಕೆಳಗೆ ತಲೆಕೆಳಗಾಗಿ ನೇತಾಡುವ ಉದ್ದಕಾಲಿನ ಜೇಡ. ಸಾಸಿವೆಗಿಂತ ತುಸು ದೊಡ್ಡ ಮೈ, ಕೂದಲೆಳೆಯ ಎಂಟು ಕಾಲು. ಇದರ ಬಲೆಗೆ ಹಾಸೂ ಇಲ್ಲ, ಹೊಕ್ಕೂ ಇಲ್ಲ, ಎಳೆಗಳು ಅಡ್ಡಾದಿಡ್ಡಿ. ಬೆರಳು ತಾಗಿಸಿದರೆ ಇಡೀ ಮೈಯನ್ನು ಗಿರಗಿರನೆ ತಿರುಗಿಸಿ, ಕಣ್ಣಿಗೆ ಬರೀ ಮಂಜಾಗಿ ಕಾಣುವಂತೆ ಮಾಡುತ್ತದೆ. ಸೊಳ್ಳೆ ಬಿದ್ದರೆ ಹಿಂಗಾಲುಗಳಿಂದ ನೂಲು ಎಳೆದೆಳೆದು ಸುತ್ತುತ್ತದೆ. ಹೆಣ್ಣನ್ನು ಗಮನಿಸಿ ನೋಡಬೇಕು. ಮೊಟ್ಟೆಗಳನ್ನು ತೆಳ್ಳನೆಯ ನಾಲ್ಕಾರು ಎಳೆಗಳಿಂದ ಗಂಟು ಕಟ್ಟಿ, ಆ ಗಂಟನ್ನು ಬಾಯಲ್ಲಿ ಕಚ್ಚಿಕೊಂಡೇ ಇರುತ್ತದೆ. ನೂಲು ಎಷ್ಟು ಕಡಿಮೆಯೆಂದರೆ ಹತ್ತಿರದಿಂದ ಒಂದೊಂದು ಮೊಟ್ಟೆಯೂ ಬಿಡಿಬಿಡಿಯಾಗಿ ಕಾಣುತ್ತದೆ. ಮರಿಗಳು ಒಡೆದು ಬರುವವರೆಗೆ ಬಾಯಿಂದ ಇಳಿಸುವುದಿಲ್ಲ. ಸ್ನಾನಕ್ಕೆ ಹೋದವರು ಚೊಂಬಿನ ನೀರು ಎರಚಿ ಇದನ್ನು ತೊಳೆದುಬಿಡುತ್ತಾರೆ. ಒಮ್ಮೆ ಆ ಗಂಟನ್ನು ಕಂಡವರಿಗೆ ಆಮೇಲೆ ಕೈ ಬರುವುದಿಲ್ಲ.

ಎರಡನೆಯದು ಅಂಗೈಯಗಲದ, ಚಪ್ಪಟೆಯಾದ ಕಂದು ಜೇಡ. ರಾತ್ರಿ ದೀಪ ಹಾಕಿದಾಗ ಅಡುಗೆಮನೆಯ ಗೋಡೆಯ ಮೇಲೆ ಕಂಡು ಎಲ್ಲರೂ ಕಿರುಚುವುದು ಇದನ್ನೇ. ಇದು ಬಲೆ ಕಟ್ಟುವುದಿಲ್ಲ, ಜಿರಲೆಯನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತದೆ. ಲಿನೇಯಸ್ 1767ರಲ್ಲಿ ಇದಕ್ಕೆ ವೆನಟೋರಿಯಾ ಎಂದು ಹೆಸರಿಟ್ಟ, ಲ್ಯಾಟಿನ್ನಿನಲ್ಲಿ ಬೇಟೆಗಾತಿ ಎಂದರ್ಥ. ಹೊಟ್ಟೆಯ ಕೆಳಗೆ ಬಿಳಿ ಬಿಲ್ಲೆಯೊಂದನ್ನು ಹೊತ್ತು ತಿರುಗುತ್ತಿದ್ದರೆ ಅದು ಮೊಟ್ಟೆಯ ಚೀಲ. ಮೂರನೆಯದು ಹಗಲಲ್ಲಿ ಕಿಟಕಿಯ ಸರಳಿನ ಮೇಲೆ ನೊಣದ ಹಿಂದೆ ಹೊಂಚು ಹಾಕುತ್ತಾ ಹೋಗುವ ಕುಪ್ಪಳಿಸುವ ಜೇಡ. ಎಂಟು ಕಣ್ಣಿನಲ್ಲಿ ಮುಂದಿನ ಎರಡು ದೊಡ್ಡವು. ನಾವು ಬಗ್ಗಿ ನೋಡಿದರೆ ಅದೂ ತಿರುಗಿ ನಮ್ಮನ್ನು ನೋಡುತ್ತದೆ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಈ ಮೂರರಿಂದಲೂ ಮನುಷ್ಯರ ಪ್ರಾಣಕ್ಕೆ ಅಪಾಯವಿಲ್ಲ.

ಇವುಗಳಲ್ಲಿ ಕೊನೆಯ ಎರಡು ನೇಯುವವೇ ಅಲ್ಲ. ಆದರೂ ಕನ್ನಡ ಇವಕ್ಕೂ ಜೇಡ ಎಂದೇ ಕರೆಯಿತು. ಮೊದಲು ಬಲೆ ಕಟ್ಟುವ ಹುಳುವಿಗೆ ಇಟ್ಟ ಹೆಸರು ಎಂಟು ಕಾಲಿನ ಇಡೀ ಬಳಗಕ್ಕೆ ಹರಡಿತು. ತಪ್ಪೇನೂ ಇಲ್ಲ. ಬಲೆ ಕಟ್ಟದಿದ್ದರೂ ನೂಲದ ಜೇಡವಿಲ್ಲ. ಕುಪ್ಪಳಿಸುವ ಜೇಡವೂ ಹಾರುವ ಮುಂಚೆ ಒಂದು ಎಳೆಯನ್ನು ನೆಲಕ್ಕೆ ಅಂಟಿಸಿಯೇ ಹಾರುತ್ತದೆ. ಗುರಿ ತಪ್ಪಿದರೆ ಆ ಎಳೆಯೇ ಅದನ್ನು ಹಿಡಿದು ನಿಲ್ಲಿಸುತ್ತದೆ. ಬೇಟೆಗಾತಿಯ ಮೊಟ್ಟೆಚೀಲವೂ ನೂಲಿನದೇ. ಲೋಕದಲ್ಲಿ ಈವರೆಗೆ ಗುರುತಿಸಿದ ಜೇಡದ ಪ್ರಭೇದಗಳ ಸಂಖ್ಯೆ 2022ರಲ್ಲಿ 50,000 ದಾಟಿತು. ಕನ್ನಡದ ಒಂದು ಕಸುಬಿನ ಹೆಸರು ಅಷ್ಟನ್ನೂ ಹೊತ್ತುಕೊಂಡು ನಿಂತಿದೆ.

ಬಲೆ ಕಟ್ಟಿದ ಮನೆಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ ಎಂಬ ನಂಬಿಕೆಯನ್ನು ಇಲ್ಲಿ ಎತ್ತಲೇಬೇಕು. ಮನೆ ಚೊಕ್ಕಟವಾಗಿರಲಿ ಎಂಬ ಒಳ್ಳೆಯ ಉದ್ದೇಶ ಅದರಲ್ಲಿದೆ. ಅದನ್ನು ಹೇಳುವವರು ಶ್ರೀಕಾಳಹಸ್ತಿಯ ಹೆಸರನ್ನೂ ಒಮ್ಮೆ ನೆನೆಯಲಿ. ಕರ್ನಾಟಕದಿಂದ ಸಾವಿರಾರು ಮಂದಿ ರಾಹು-ಕೇತು ಪೂಜೆಗೆಂದು ಹೋಗುವ ಊರು. ಆ ಹೆಸರಿನಲ್ಲಿ ಕಾಳ ಎಂದರೆ ಹಾವು, ಹಸ್ತಿ ಎಂದರೆ ಆನೆ, ಮೊದಲಿನ ಶ್ರೀ ಎಂದರೆ ಜೇಡ. ಕಾಡಿನ ಲಿಂಗಕ್ಕೆ ತನ್ನ ನೂಲಿನಿಂದ ಚಪ್ಪರ ಹಾಕಿ, ದೀಪದ ಕುಡಿ ತಾಗಿ ಅದು ಉರಿದಾಗ ಪ್ರಾಣ ಕೊಡಲು ಹೋಗಿ ಶಿವನ ಸಾಯುಜ್ಯ ಪಡೆದ ಜೇಡದ ಕಥೆ ಅಲ್ಲಿನ ಸ್ಥಳಪುರಾಣದಲ್ಲಿದೆ. ಕೃಷ್ಣದೇವರಾಯನ ಕಾಲದ ತೆಲುಗು ಕವಿ ಧೂರ್ಜಟಿ ಆ ಕ್ಷೇತ್ರದ ಮಾಹಾತ್ಮ್ಯವನ್ನು ಕಾವ್ಯವಾಗಿ ಬರೆದಿದ್ದಾನೆ. ಸಾಲೆಪುರುಗಿನ ನಾಡಿನಲ್ಲಿ ಆ ಹುಳುವಿಗೆ ಲಕ್ಷ್ಮಿಯ ಹೆಸರೇ ಸಿಕ್ಕಿತು. ಇತ್ತ ಕನ್ನಡ ನಾಡಿನಲ್ಲಿ ಬಟ್ಟೆ ಕೊಟ್ಟು ತವನಿಧಿ ಪಡೆದ ಶರಣನೂ ಜೇಡರವನೇ. ಎರಡು ಕಥೆಯಲ್ಲಿಯೂ ನೇಯುವವರು ಶಿವನಿಗೆ ಕೊಟ್ಟದ್ದು ತಾವು ನೇಯ್ದದ್ದನ್ನು.

ಈಗ ಜೇಡ ಎಂಬ ಮಾತಿನ ಇತ್ತೀಚಿನ ಬಾಳಿಗೆ ಬರೋಣ. ಮಗ್ಗಕ್ಕೆ ಮಗ್ಗದೆರೆ ಎಂಬ ತೆರಿಗೆ ಇದ್ದದ್ದು ಶಾಸನಗಳಲ್ಲಿ ಬರುತ್ತದೆ. ನೇಕಾರರು ರಾಜ್ಯದ ಬೊಕ್ಕಸ ತುಂಬಿದ ಜನ. ಕಾಲ ಸರಿದಂತೆ ಅವರು ದೇವಾಂಗ, ಹಟಗಾರ, ಕುರುಹಿನಶೆಟ್ಟಿ, ಪಟ್ಟಸಾಲಿ, ಪದ್ಮಸಾಲಿ ಎಂಬ ತಮ್ಮ ತಮ್ಮ ಹೆಸರುಗಳಲ್ಲಿ ಗುರುತಿಸಿಕೊಂಡರು. ಎಲ್ಲರಿಗೂ ಸೇರಿ ನೇಕಾರ ಎಂಬ ಸಾಮಾನ್ಯ ಹೆಸರು ನಿಂತಿತು. ಜೇಡ ಎಂಬ ಮಾತಿನಲ್ಲಿದ್ದ ಮನುಷ್ಯರ ಅರ್ಥ ಮೆಲ್ಲಗೆ ಹಿಂದೆ ಸರಿಯಿತು. ಹುಳುವಿನ ಅರ್ಥ ಪೂರ್ತಿ ಜಾಗವನ್ನು ಹಿಡಿಯಿತು. ಒಮ್ಮೆ ಹಾಗಾದ ಮೇಲೆ ಹಳೆಯ ಗೌರವದ ಮಾತು ಕಿವಿಗೆ ಬೇರೆಯಾಗಿ ಕೇಳತೊಡಗುತ್ತದೆ. ಶರಣನ ಹೆಸರು ಇಂದು ದೇವರ ದಾಸಿಮಯ್ಯ ಎಂದೇ ಹೆಚ್ಚು ಬಳಕೆಯಲ್ಲಿದೆ. ಸರ್ಕಾರ ಆಚರಿಸುವ ಜಯಂತಿಯೂ ಆ ಹೆಸರಿನಲ್ಲೇ. ದೇವರ ದಾಸಿಮಯ್ಯ, ಜೇಡರ ದಾಸಿಮಯ್ಯ ಒಬ್ಬರೇ ಇಬ್ಬರೇ ಎಂಬ ಚರ್ಚೆ ವಿದ್ವಾಂಸರಲ್ಲಿ ಬೇರೆಯೇ ಇದೆ. ಆ ಚರ್ಚೆಗೆ ನಾನು ಹೋಗುವುದಿಲ್ಲ. ನನ್ನ ಚಿಂತೆ ಪಾಠದ ಕೋಣೆಯದು. ಜೇಡರ ದಾಸಿಮಯ್ಯ ಎಂದಾಗ ಮಕ್ಕಳು ನಗುತ್ತಾರೆ, ಕೆಲವು ಕಡೆ ಹೆಸರನ್ನು ವಿವರಿಸದೆ ಪಾಠ ಮುಂದಕ್ಕೆ ಹೋಗುತ್ತದೆ. ಅರ್ಧ ನಿಮಿಷ ನಿಂತು ‘ಜೇಡರು ಎಂದರೆ ನೇಕಾರರು ಮಕ್ಕಳೇ, ಹುಳುವಿಗೆ ಆ ಹೆಸರು ಬಂದದ್ದು ಅವರಿಂದ’ ಎಂದರೆ ಆ ನಗು ತಾನಾಗಿ ನಿಲ್ಲುತ್ತದೆ. ಅಷ್ಟು ಹೇಳುವುದು ಮೇಷ್ಟರ ಕರ್ತವ್ಯ ಎಂದೇ ನಾನು ತಿಳಿದಿದ್ದೇನೆ.

ಮನುಷ್ಯರಿಂದ ಹುಳುವಿಗೆ ಬಂದ ಹೆಸರು ಇನ್ನು ಹುಳುವಿನಲ್ಲಾದರೂ ಉಳಿಯುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ಬೆಂಗಳೂರಿನ ಮನೆಗಳಲ್ಲಿ ಮಕ್ಕಳು ಗೋಡೆ ತೋರಿಸಿ ಕೂಗುವುದು ‘ಅಮ್ಮಾ, ಸ್ಪೈಡರ್!’ ಎಂದು. ಅಮ್ಮನೂ ‘ಸ್ಪೈಡರ್ ಏನೂ ಮಾಡಲ್ಲ ಪುಟ್ಟ’ ಎನ್ನುತ್ತಾಳೆ. ಸಮಾಧಾನದ ಮಾತು ಸರಿಯಾಗಿದೆ, ಹೆಸರು ಮಾತ್ರ ಹೋಯಿತು. ನೇಕಾರರಿಂದ ದೂರವಾದ ಜೇಡ ಎಂಬ ಮಾತು ಹೀಗೆ ಹುಳುವಿನಿಂದಲೂ ದೂರವಾದರೆ ಅದಕ್ಕೆ ನಿಲ್ಲಲು ನಿಘಂಟಿನ ಪುಟ ಬಿಟ್ಟು ಬೇರೆ ಜಾಗವಿಲ್ಲ. ಸಾವಿರ ವರ್ಷದ ಹಿಂದೆ ಮುದನೂರಿನಲ್ಲಿ ಬಳಕೆಯಲ್ಲಿದ್ದ ಮಾತೊಂದು ನಮ್ಮ ಬಚ್ಚಲುಮನೆಯ ಮೂಲೆಯಲ್ಲಿ ಜೀವಂತವಾಗಿ ನೇತಾಡುತ್ತಿರುವಾಗ ಅದನ್ನು ಬಿಟ್ಟುಕೊಡುವುದಕ್ಕೆ ಯಾವ ಕಾರಣವೂ ಇಲ್ಲ.

ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಹಬ್ಬಕ್ಕೆ ಧೂಳು ಹೊಡೆಯುವಾಗ ಕಪ್ಪಾದ ಹಳೆಯ ಬಲೆಗಳನ್ನು ತೆಗೆದುಹಾಕಿ. ಅವು ಬಹುಪಾಲು ಜೇಡವೇ ಬಿಟ್ಟುಹೋದ ಬಲೆಗಳು. ಅದರೊಳಗೆ ಜೇಡವಿದ್ದರೆ ಒಂದು ಲೋಟ ಮಗುಚಿ ಹಾಕಿ, ಕೆಳಗೆ ಕಾಗದ ತೂರಿಸಿ, ಕಿಟಕಿಯ ಹೊರಗೆ ಬಿಡಿ. ಮಂಚದ ಕೆಳಗಿನದನ್ನು ಸುಮ್ಮನೆ ಬಿಟ್ಟರೂ ಆದೀತು, ಸೊಳ್ಳೆ ಹಿಡಿಯುತ್ತಿರುತ್ತದೆ. ಆ ಹೊತ್ತಿನಲ್ಲಿ ಮನೆಯ ಮಕ್ಕಳಿಗೆ ಜೇಡರು ಯಾರು ಎಂದು ಹೇಳಿ. ಅಜ್ಜಿ ಇದ್ದರೆ ಅವರ ತವರಿನಲ್ಲಿ ಜೇಡಕ್ಕೆ, ಬಲೆಗೆ, ಮಸಿ ಹಿಡಿದ ಬಲೆಗೆ ಏನೇನು ಅನ್ನುತ್ತಿದ್ದರೆಂದು ಕೇಳಿ, ಊರಿನ ಹೆಸರಿನ ಜೊತೆಗೆ ಒಂದು ಕಡೆ ಬರೆದಿಡಿ.